ಮಧ್ಯದಲ್ಲಿ ಬಿಟ್ಟರೆ ದಂಡ: ನ್ಯಾಯವೇ, ಅನ್ಯಾಯವೇ?

ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ



ಹೋದ ಪಾಠಗಳಲ್ಲಿ ಉಳಿತಾಯ ಮತ್ತು ಸಾಲದ ಬಗ್ಗೆ ಮಾತಾಡಿದ್ದೇವೆ. ಈ ತಿಂಗಳು ನಮ್ಮೆಲ್ಲರ ಕೈಯಲ್ಲೂ ಇರುವ ಮೊಬೈಲ್ ಫೋನಿನ ವಿಷಯ. ಫೋನ್ ಹೇಗೆ ಬಳಸಬೇಕು ಅನ್ನುವುದನ್ನು ಮಕ್ಕಳೇ ಹೇಳಿಕೊಡುತ್ತಾರೆ. ಆದರೆ ಫೋನಿನ ಜೊತೆ ನಾವು ಸಹಿ ಹಾಕುವ ಒಪ್ಪಂದ, ಕಟ್ಟುವ ಕಂತು, ಮಧ್ಯದಲ್ಲಿ ಬಿಡಬೇಕು ಅಂದಾಗ ಕೇಳುವ ದಂಡ, ಇವುಗಳನ್ನು ಹೇಳಿಕೊಡುವವರು ಕಡಿಮೆ.

ಪಾಠದ ಉದ್ದೇಶ: ಒಪ್ಪಂದವನ್ನು ಅವಧಿಗೆ ಮುಂಚೆ ಮುಗಿಸಿದರೆ ಹಾಕುವ ಶುಲ್ಕ ಯಾವಾಗ ನ್ಯಾಯ, ಯಾವಾಗ ಅನ್ಯಾಯ ಎಂದು ಲೆಕ್ಕ ಹಾಕಿ ತಿಳಿಯುವುದು. ಅನ್ಯಾಯವಾದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದು.

ಮೊದಲು ಒಂದು ಮಾತುಕತೆ

(ಇದು ಪಾಠಕ್ಕಾಗಿ ಮಾಡಿಕೊಂಡ ಮಾತುಕತೆ. ಇಬ್ಬರು ಸದಸ್ಯೆಯರು ಎದ್ದು ನಿಂತು ಓದಿರಿ.)

ಸದಸ್ಯೆ: ಅಕ್ಕ, ಮಗಳ ಓದಿಗೆ ಅಂತ ಕಂತಿನ ಮೇಲೆ ಫೋನ್ ತಕ್ಕೊಂಡಿದ್ದೆ ಕಣಕ್ಕ. ಆರು ಕಂತು ಕಟ್ಟಿದ್ದೀನಿ. ಈಗ ಬಾಳೆಗೊನೆ ಮಾರಿದ ದುಡ್ಡು ಬಂತು. ಉಳಿದದ್ದನ್ನ ಒಂದೇ ಸಲ ಕಟ್ಬುಡಾನ ಅಂತ ಹೋದ್ರೆ, ಮುಂಚೆ ಮುಗಿಸಕ್ಕೆ ಬೇರೆ ದುಡ್ಡು ಕೊಡ್ಬೇಕು ಅಂತವ್ರೆ.

ಪ್ರತಿನಿಧಿ: ಎಷ್ಟಂತವ್ವ?

ಸದಸ್ಯೆ: ಮುನ್ನೂರು ಅಂತೆ. ಅಲ್ಲಕ್ಕ, ಸಾಲ ಕಟ್ದೆ ಇದ್ರೆ ದಂಡ ಹಾಕ್ತಾರೆ, ಸರಿ. ಸಾಲ ತೀರಿಸಕ್ಕೂ ದಂಡವಾ? ಇದ್ಯಾವ ನ್ಯಾಯ?

ಪ್ರತಿನಿಧಿ: ಫೋನ್ ತಕ್ಕೊಂಡಾಗ ಕಾಗ್ದ ಕೊಟ್ರಾ?

ಸದಸ್ಯೆ: ಅಂಗಡಿ ಹುಡುಗ ಫೋನಲ್ಲೇ ಏನೋ ಒತ್ತಿ ಒತ್ತಿ ಅಂದ. ಓಟಿಪಿ ಹೇಳಿ ಅಂದ. ಹೇಳ್ದೆ. ಅಷ್ಟೇ.

ಇಲ್ಲಿ ನಿಲ್ಲಿಸಿ. ಸಭೆಯಲ್ಲಿ ಕೇಳಿರಿ: ನಮ್ಮಲ್ಲಿ ಎಷ್ಟು ಜನರಿಗೆ ಹೀಗಾಗಿದೆ? ಓಟಿಪಿ ಹೇಳುವುದು ಸಹಿ ಹಾಕಿದ ಹಾಗೆ ಎಂದು ಎಷ್ಟು ಜನರಿಗೆ ಗೊತ್ತಿತ್ತು?

ಈ ದಂಡ ಯಾಕೆ ಹುಟ್ಟಿತು?

ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಂಜನಗೂಡಿನ ಸುತ್ತ ಒಬ್ಬರ ಜಮೀನನ್ನು ಇನ್ನೊಬ್ಬರು ಗುತ್ತಿಗೆಗೆ ಹಿಡಿದು ಬಾಳೆ ಹಾಕುತ್ತಾರೆ ಎಂದುಕೊಳ್ಳಿ. ಕಂದು ತಂದು ನೆಟ್ಟು, ಗೊಬ್ಬರ ಹಾಕಿ, ಕೂಲಿ ಕೊಟ್ಟು ನಾಲ್ಕು ತಿಂಗಳಾಗಿದೆ. ಆಗ ಜಮೀನಿನವರು ಬಂದು "ಬಿಟ್ಟುಬಿಡಿ" ಎಂದರೆ, ಹಾಕಿದ ಖರ್ಚು ಕೊಡಿ ಎಂದು ಕೇಳುವುದು ನ್ಯಾಯ. ಯಾಕೆಂದರೆ ಖರ್ಚು ಮುಂಚೆಯೇ ಆಗಿದೆ, ಫಸಲು ಇನ್ನೂ ಬಂದಿಲ್ಲ. ಆದರೆ ಗೊನೆ ಕಡಿದು ಮಾರಿ ದುಡ್ಡು ಎಣಿಸಿಕೊಂಡ ಮೇಲೂ "ಕಂದಿನ ಖರ್ಚು ಕೊಡಿ" ಎಂದರೆ ಅದು ಅನ್ಯಾಯ.

ಫೋನ್ ಕಂಪನಿಯ ದಂಡವೂ ಹೀಗೆಯೇ. ಅಮೆರಿಕದಂಥ ದೇಶಗಳಲ್ಲಿ ಕಂಪನಿಗಳು ದುಬಾರಿ ಫೋನನ್ನು ಕಡಿಮೆ ಬೆಲೆಗೆ ಕೊಟ್ಟು, ಎರಡು ವರ್ಷ ತಮ್ಮಲ್ಲೇ ಇರಬೇಕೆಂದು ಬರೆಸಿಕೊಳ್ಳುತ್ತಿದ್ದವು. ಫೋನಿನಲ್ಲಿ ಕಳೆದುಕೊಂಡದ್ದನ್ನು ತಿಂಗಳ ಬಿಲ್ಲಿನಲ್ಲಿ ಹಿಂದಕ್ಕೆ ಪಡೆಯುತ್ತಿದ್ದವು. ಮಧ್ಯದಲ್ಲಿ ಬಿಟ್ಟವರಿಗೆ ಶುಲ್ಕ. ಇದರಲ್ಲಿ ಸ್ವಲ್ಪ ನ್ಯಾಯವಿದೆ. ಆದರೆ ಎಷ್ಟು ಶುಲ್ಕ ಎನ್ನುವುದರಲ್ಲಿ ಅನ್ಯಾಯ ನುಸುಳುತ್ತದೆ.

ವೆರೈಝಾನ್ ಎಂಬ ಅಲ್ಲಿನ ದೊಡ್ಡ ಕಂಪನಿ 2009ರ ನವೆಂಬರ್‌ನಲ್ಲಿ ಸ್ಮಾರ್ಟ್‌ಫೋನ್ ಗ್ರಾಹಕರ ಈ ಶುಲ್ಕವನ್ನು 175 ಡಾಲರ್‌ನಿಂದ 350 ಡಾಲರ್‌ಗೆ ಏರಿಸಿತು. ತಿಂಗಳಿಗೆ 10 ಡಾಲರ್ ಇಳಿಸುತ್ತೇವೆ ಎಂದಿತು. ಲೆಕ್ಕ ಹಾಕಿ ನೋಡಿ: 24 ತಿಂಗಳ ಒಪ್ಪಂದದಲ್ಲಿ 23 ತಿಂಗಳು ಕಟ್ಟಿದವರು ಕೊನೆಯ ಒಂದು ತಿಂಗಳು ಬಿಟ್ಟರೂ 120 ಡಾಲರ್ ಕೊಡಬೇಕಿತ್ತು! ಗೊನೆ ಕಡಿದ ಮೇಲೆ ಕಂದಿನ ಖರ್ಚು ಕೇಳಿದ ಹಾಗಾಯಿತು. ಅಲ್ಲಿನ ದೂರಸಂಪರ್ಕ ಆಯೋಗ ಆ ಡಿಸೆಂಬರ್‌ನಲ್ಲೇ ಕಂಪನಿಗೆ ಪತ್ರ ಬರೆದು ವಿವರಣೆ ಕೇಳಿತು.

ನಮ್ಮ ದೇಶದಲ್ಲಿ ಹೇಗೆ?

ನಮ್ಮಲ್ಲಿ ಹೆಚ್ಚಿನವರದು ಮುಂಚೆಯೇ ದುಡ್ಡು ಹಾಕುವ ಪ್ರಿಪೇಯ್ಡ್ ಸಿಮ್. ಒಪ್ಪಂದ ಇಲ್ಲ, ದಂಡವೂ ಇಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆದರೂ ನಾಲ್ಕು ಕಡೆ ಈ ವಿಷಯ ನಮ್ಮನ್ನು ಮುಟ್ಟುತ್ತದೆ.

1. ಠೇವಣಿ ಫೋನ್

2017ರ ಜುಲೈ 21ರಂದು ರಿಲಯನ್ಸ್ ಕಂಪನಿ ಜಿಯೋಫೋನ್ ಘೋಷಿಸಿತು. ಫೋನಿಗೆ ಬೆಲೆ ಇಲ್ಲ, 1,500 ರೂಪಾಯಿ ಠೇವಣಿ ಮಾತ್ರ, ಮೂರು ವರ್ಷದ ನಂತರ ಫೋನ್ ಕೊಟ್ಟರೆ ಠೇವಣಿ ವಾಪಸ್ ಎಂದಿತು. ಹಳ್ಳಿಗಳಲ್ಲಿ ಬಹಳ ಜನ ಕೊಂಡರು. ಆಮೇಲೆ ಪ್ರಕಟವಾದ ಷರತ್ತುಗಳ ಪ್ರಕಾರ, ವರ್ಷಕ್ಕೆ ಕನಿಷ್ಠ 1,500 ರೂಪಾಯಿ ರೀಚಾರ್ಜ್ ಮಾಡಿಸಬೇಕಿತ್ತು. ಮೊದಲ ವರ್ಷದೊಳಗೆ ಹಿಂದಿರುಗಿಸಿದರೆ 1,500, ಎರಡನೇ ವರ್ಷದಲ್ಲಾದರೆ 1,000, ಮೂರನೇ ವರ್ಷದಲ್ಲಾದರೆ 500 ರೂಪಾಯಿ ಶುಲ್ಕ, ಅದರ ಮೇಲೆ ಜಿಎಸ್‌ಟಿ.

ಇಲ್ಲಿ ಒಂದು ಒಳ್ಳೆಯದಿದೆ: ವರ್ಷ ಕಳೆದಂತೆ ಶುಲ್ಕ ಇಳಿಯಿತು. ಒಂದು ಕೊರತೆಯೂ ಇದೆ: ಒಂದನೇ ತಿಂಗಳಲ್ಲಿ ಬಿಟ್ಟವಳಿಗೂ ಹನ್ನೊಂದನೇ ತಿಂಗಳಲ್ಲಿ ಬಿಟ್ಟವಳಿಗೂ ಒಂದೇ ಶುಲ್ಕ. ಮುಖ್ಯವಾಗಿ, "ಬಿಟ್ಟಿ ಫೋನ್" ಎಂಬ ಮಾತು ಎಲ್ಲರ ಕಿವಿಗೂ ಬಿತ್ತು, ಷರತ್ತು ಓದಿದವರು ಎಷ್ಟು ಮಂದಿ?

2. ವರ್ಷದ ರೀಚಾರ್ಜ್

ಇದು ಕಣ್ಣಿಗೆ ಕಾಣದ ದಂಡ. ತಿಂಗಳ ರೀಚಾರ್ಜಿಗಿಂತ ವರ್ಷದ್ದು ಅಗ್ಗ ಎಂದು ಒಟ್ಟಿಗೆ ಹಾಕಿಸುತ್ತೇವೆ. ಲೆಕ್ಕಕ್ಕೆಂದು ವರ್ಷಕ್ಕೆ 3,600 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ತಿಂಗಳಾದ ಮೇಲೆ ಮನೆಯೊಳಗೆ ಸಿಗ್ನಲ್ ಬರದೆ ಬೇರೆ ಕಂಪನಿಗೆ ಬದಲಾಯಿಸಿದರೆ ಉಳಿದ ಎಂಟು ತಿಂಗಳ 2,400 ರೂಪಾಯಿ ಹೋದಂತೆ. ನಂಬರ್ ಬದಲಿಸಿಕೊಂಡಾಗ ಉಳಿದ ಬ್ಯಾಲೆನ್ಸ್ ಹೊಸ ಕಂಪನಿಗೆ ಬರುವುದಿಲ್ಲ. ಆದ್ದರಿಂದ ಹೊಸ ಕಂಪನಿಗೆ ಹೋದ ಮೇಲೆ ಮೊದಲು ಒಂದು ತಿಂಗಳಿನದು ಹಾಕಿಸಿ, ಮನೆ, ಹೊಲ, ಕೆಲಸದ ಜಾಗ ಮೂರು ಕಡೆಯೂ ಸಿಗ್ನಲ್ ನೋಡಿಕೊಂಡು ಆಮೇಲೆ ದೊಡ್ಡ ರೀಚಾರ್ಜ್ ಮಾಡಿಸಿ.

3. ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸುವುದು

ಮುಂಚೆ ಕಂಪನಿ ಬಿಟ್ಟರೆ ನಂಬರೂ ಹೋಗುತ್ತಿತ್ತು. ಬ್ಯಾಂಕಿನವರು, ನೆಂಟರು, ಶಾಲೆಯವರು ಎಲ್ಲರಿಗೂ ಹೊಸ ನಂಬರ್ ಕೊಡಬೇಕು. ಅದೇ ದೊಡ್ಡ ದಂಡವಾಗಿತ್ತು. 2011ರ ಜನವರಿ 20ರಿಂದ ಇಡೀ ದೇಶದಲ್ಲಿ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸುವ ಹಕ್ಕು ಬಂತು. ಇದಕ್ಕೆ ಪೋರ್ಟ್ ಮಾಡುವುದು ಎನ್ನುತ್ತಾರೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಬಹಳ ಜನ ಹೀಗೆಯೇ ಬಿಎಸ್‌ಎನ್‌ಎಲ್‌ಗೆ ಹೋದರು.

ಮಾಡುವ ವಿಧಾನ: ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಬರೆದು 1900ಕ್ಕೆ ಮೆಸೇಜ್ ಕಳಿಸಿ. ಒಂದು ಸಂಕೇತ ಬರುತ್ತದೆ. ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಗುರುತಿನ ದಾಖಲೆಯೊಂದಿಗೆ ಹೋಗಿ.

ಷರತ್ತುಗಳಿವೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಬಿಲ್ ಇರಬಾರದು. ಇನ್ನೊಂದು ಮುಖ್ಯ: ಕಂಪನಿಯ ಜೊತೆ ಅವಧಿ ಒಪ್ಪಂದವಿದ್ದು, ಅದರಲ್ಲಿ ಮಧ್ಯದಲ್ಲಿ ಬಿಡುವ ಷರತ್ತು ಬರೆದಿದ್ದರೆ, ಅದನ್ನು ಪೂರೈಸದೆ ಸಂಕೇತ ಸಿಗುವುದಿಲ್ಲ. ಅಂದರೆ ಆ ಷರತ್ತು ಏನು ಎಂದು ಸೇರುವಾಗಲೇ ಕೇಳಬೇಕು, ಬಿಡುವಾಗ ಅಲ್ಲ.

4. ಕಂತಿನ ಫೋನ್

ನಮ್ಮ ಸದಸ್ಯೆಯರಿಗೆ ಹೆಚ್ಚಾಗಿ ಎದುರಾಗುವುದು ಇದೇ. ಫೋನನ್ನು ಅಂಗಡಿಯವರು ಮಾರುತ್ತಾರೆ, ದುಡ್ಡನ್ನು ಫೈನಾನ್ಸ್ ಕಂಪನಿ ಕೊಡುತ್ತದೆ. ಅಂದರೆ ನಾವು ಕೊಂಡದ್ದು ಫೋನ್, ಮಾಡಿದ್ದು ಸಾಲ. ಅವಧಿಗೆ ಮುಂಚೆ ಸಾಲ ತೀರಿಸಿದರೆ ಕಂಪನಿಗೆ ಮುಂದೆ ಬರಬೇಕಿದ್ದ ಬಡ್ಡಿ ಬರುವುದಿಲ್ಲ. ಅದಕ್ಕೆ ಶುಲ್ಕ ಕೇಳುತ್ತಾರೆ.

ಈಗ ನಮ್ಮ ಸದಸ್ಯೆಯ ಲೆಕ್ಕ ಮಾಡೋಣ. ಫೋನ್ 12,000 ರೂಪಾಯಿ. ಬಡ್ಡಿ ಇಲ್ಲದ 12 ಕಂತು, ತಿಂಗಳಿಗೆ 1,000. ಆರು ಕಂತು ಕಟ್ಟಿದ್ದಾಳೆ, 6,000 ಬಾಕಿ.

ಈಗಲೇ ತೀರಿಸಿದರೆ: 6,000 + 300 ಶುಲ್ಕ = 6,300 ರೂಪಾಯಿ.
ತಿಂಗಳು ತಿಂಗಳು ಕಟ್ಟಿದರೆ: 6,000 ರೂಪಾಯಿ ಮಾತ್ರ.

ನೋಡಿದಿರಾ? ಬಡ್ಡಿಯೇ ಇಲ್ಲದ ಕಂತನ್ನು ಬೇಗ ತೀರಿಸಿದರೆ ಉಳಿತಾಯ ಏನೂ ಇಲ್ಲ, 300 ರೂಪಾಯಿ ನಷ್ಟ. ಆ ಬಾಳೆ ದುಡ್ಡನ್ನು ಬ್ಯಾಂಕ್ ಖಾತೆಯಲ್ಲಿಟ್ಟು ಕಂತಿಗೆ ಬಿಡುವುದೇ ಲಾಭ. ಅಥವಾ ಮನೆಯಲ್ಲಿ ಬಡ್ಡಿ ಇರುವ ಬೇರೆ ಸಾಲವಿದ್ದರೆ ಅದನ್ನು ಮೊದಲು ತೀರಿಸಬೇಕು. ಕಂತಿಗೆ ಬಡ್ಡಿ ಇದ್ದರೆ ಲೆಕ್ಕ ಬೇರೆ. ಉಳಿಯುವ ಬಡ್ಡಿ 800, ಶುಲ್ಕ 300 ಆದರೆ, ತೀರಿಸಿದರೆ 500 ಲಾಭ. ಉಳಿಯುವ ಬಡ್ಡಿ 200, ಶುಲ್ಕ 300 ಆದರೆ ಸುಮ್ಮನೆ ಕಂತು ಕಟ್ಟಿಕೊಂಡು ಹೋಗಿ. ಸಾಲ ಬೇಗ ತೀರಬೇಕೆಂಬ ಆಸೆ ಒಳ್ಳೆಯದೇ, ಆದರೆ ಆಸೆಗಿಂತ ಮೊದಲು ಲೆಕ್ಕ.

ನ್ಯಾಯ ಅಳೆಯುವ ನಾಲ್ಕು ಪ್ರಶ್ನೆಗಳು

ಫೋನ್ ಇರಲಿ, ಸಾಲ ಇರಲಿ, ಮನೆ ಬಾಡಿಗೆ ಮುಂಗಡ ಇರಲಿ, ಈ ನಾಲ್ಕು ಪ್ರಶ್ನೆ ಕೇಳಿ.

ಒಂದು: ನಾನು ಬಿಟ್ಟರೆ ಅವರಿಗೆ ನಿಜವಾಗಿ ನಷ್ಟವಾಗುತ್ತದೆಯೇ? ಮುಂಚೆಯೇ ಏನಾದರೂ ಕೊಟ್ಟಿದ್ದಾರೆಯೇ?

ಎರಡು: ದಂಡ ಆ ನಷ್ಟದಷ್ಟೇ ಇದೆಯೇ? ದಿನ ಕಳೆದಂತೆ ಇಳಿಯುತ್ತದೆಯೇ? ಉದಾಹರಣೆಗೆ, 6,000 ರೂಪಾಯಿಯ ಫೋನನ್ನು ಪುಕ್ಕಟೆ ಕೊಟ್ಟು 24 ತಿಂಗಳು ಇರಬೇಕು ಎಂದರೆ, ತಿಂಗಳಿಗೆ 250 ರೂಪಾಯಿ ಅವರಿಗೆ ವಾಪಸ್ ಬಂದಂತೆ. 6 ತಿಂಗಳಿಗೆ ಬಿಟ್ಟರೆ ಉಳಿದ 18 ತಿಂಗಳಿಗೆ 4,500 ಕೇಳಬಹುದು. 20 ತಿಂಗಳಿಗೆ ಬಿಟ್ಟರೆ ಉಳಿದದ್ದು 4 ತಿಂಗಳು, 1,000 ಮಾತ್ರ. ಆಗಲೂ 4,500 ಕೇಳಿದರೆ 3,500 ರೂಪಾಯಿ ಅನ್ಯಾಯದ್ದು.

ಮೂರು: ಮೊದಲೇ, ನನಗೆ ತಿಳಿಯುವ ಭಾಷೆಯಲ್ಲಿ ಹೇಳಿದ್ದರೇ?

ನಾಲ್ಕು: ಬಿಡಲು ಕಾರಣ ಯಾರು? ಸಿಗ್ನಲ್ ಕೊಡದೆ, ಹೇಳಿದ ಸೇವೆ ಕೊಡದೆ ನಾವು ಬಿಡುವಂತೆ ಮಾಡಿದವರೇ ಅವರಾದರೆ, ನಮಗೆ ಯಾಕೆ ದಂಡ?

ಕಾನೂನು ಏನು ಹೇಳುತ್ತದೆ?

ಈ ನಾಲ್ಕು ಪ್ರಶ್ನೆಗಳು ನಮ್ಮ ಮನಸ್ಸಿನ ಮಾತು ಮಾತ್ರ ಅಲ್ಲ. ಕಾನೂನಿನಲ್ಲೂ ಇವುಗಳ ನೆರಳಿದೆ.

1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮು: ಒಪ್ಪಂದ ಮುರಿದರೆ ಇಷ್ಟು ದಂಡ ಎಂದು ಬರೆದಿದ್ದರೂ, ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರ ಮಾತ್ರ. ಬರೆದ ಮೊತ್ತ ಮೇಲಿನ ಮಿತಿಯೇ ಹೊರತು, ಅಷ್ಟೂ ಸಿಗಲೇಬೇಕು ಎಂದಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿ: ಇದರಲ್ಲಿ ಅನ್ಯಾಯದ ಕರಾರು ಎಂದರೇನು ಎಂದು ಹೇಳಿದೆ. ವಿಪರೀತ ಠೇವಣಿ ಕೇಳುವುದು, ಆದ ನಷ್ಟಕ್ಕೆ ತಾಳೆಯಾಗದಷ್ಟು ದಂಡ ಹಾಕುವುದು, ನಿಗದಿಯಾದ ಶುಲ್ಕ ಕೊಡುತ್ತೇವೆ ಎಂದರೂ ಸಾಲವನ್ನು ಮುಂಚೆ ತೀರಿಸಲು ಬಿಡದಿರುವುದು, ಕಾರಣವಿಲ್ಲದೆ ಒಂದು ಕಡೆಯವರೇ ಕರಾರು ಮುಗಿಸುವುದು ಇವೆಲ್ಲ ಅದರಲ್ಲಿ ಸೇರಿವೆ.

ರಿಸರ್ವ್ ಬ್ಯಾಂಕಿನ ನಿಯಮ: 2024ರ ಅಕ್ಟೋಬರ್ 1ರಿಂದ ಹೊಸ ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲದ ಮುಖ್ಯಾಂಶಗಳ ಪಟ್ಟಿಯನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ನಮ್ಮ ಸದಸ್ಯೆ ಕೇಳಬೇಕಾದದ್ದು ಇದನ್ನೇ: "ಆ 300 ರೂಪಾಯಿ ಪಟ್ಟಿಯಲ್ಲಿ ಎಲ್ಲಿ ಬರೆದಿದೆ, ತೋರಿಸಿ." ಫೋನ್ ಆ್ಯಪ್ ಮೂಲಕ ಪಡೆದ ಸಾಲವಾದರೆ, ಕನಿಷ್ಠ ಒಂದು ದಿನ ಮನಸ್ಸು ಬದಲಾಯಿಸುವ ಅವಕಾಶವಿದೆ. ಅಷ್ಟರಲ್ಲಿ ಅಸಲು ಮತ್ತು ಆ ದಿನಗಳ ಬಡ್ಡಿ ಕೊಟ್ಟು ದಂಡವಿಲ್ಲದೆ ಹೊರಬರಬಹುದು. ಸಾಲ ಕೊಡುವಾಗಿನ ಪ್ರೋಸೆಸಿಂಗ್ ಶುಲ್ಕ ಮಾತ್ರ ಅವರು ಇಟ್ಟುಕೊಳ್ಳಬಹುದು.

ಮೈಕ್ರೋಫೈನಾನ್ಸ್ ಸಾಲ: ಇದನ್ನು ಎಲ್ಲರೂ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಈ ಸಾಲಕ್ಕೆ, 2022ರ ಏಪ್ರಿಲ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ, ಮುಂಚೆ ತೀರಿಸಿದರೆ ಯಾವ ದಂಡವೂ ಇಲ್ಲ. ಕಂತು ತಡವಾದರೆ ಹಾಕುವ ದಂಡವೂ ತಡವಾದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲೆ ಅಲ್ಲ.

2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ಹೆದರಿ ಮನೆಗೆ ಬೀಗ ಹಾಕಿಕೊಂಡು ಹೋದ ಕುಟುಂಬಗಳ ಸುದ್ದಿಯನ್ನು ನಾವೆಲ್ಲ ಕೇಳಿದ್ದೇವೆ. ಆ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಫೋನಿನ ಕಂತು ಚಿಕ್ಕದು, ನಿಜ. ಆದರೆ ಒಂದು ಸಾಲದ ಕಂತು, ಇನ್ನೊಂದರ ಕಂತು, ಫೋನಿನ ಕಂತು, ದಂಡ, ದಂಡದ ಮೇಲೆ ಜಿಎಸ್‌ಟಿ ಎಂದು ಸೇರಿ ಸೇರಿಯೇ ಹೊರೆ ದೊಡ್ಡದಾಗುವುದು. ಹನಿಗೂಡಿದರೆ ಹಳ್ಳ ಎನ್ನುವುದು ಉಳಿತಾಯಕ್ಕೂ ಸರಿ, ಸಾಲಕ್ಕೂ ಸರಿ.

ಅನ್ಯಾಯವಾದರೆ ಎಲ್ಲಿಗೆ ಹೋಗಬೇಕು?

* ಸಿಮ್, ಬಿಲ್ಲು, ಪೋರ್ಟ್ ವಿಷಯ: ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಫೋನ್ ಮಾಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ.
* ಸಾಲ, ಕಂತು ವಿಷಯ: ಮೊದಲು ಫೈನಾನ್ಸ್ ಕಂಪನಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ. ಮಾಹಿತಿಗೆ 14448.
* ಯಾವುದೇ ಗ್ರಾಹಕ ದೂರು: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.
* ಗ್ರಾಹಕ ಆಯೋಗ: ಸೇವೆಯ ಕೊರತೆ, ಹೇಳದೆ ಹಾಕಿದ ಶುಲ್ಕ ಇಂಥವುಗಳಿಗೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗ. ಕರಾರೇ ಅನ್ಯಾಯದ್ದು ಎಂದು ಪ್ರಶ್ನಿಸುವುದಾದರೆ ಬೆಂಗಳೂರಿನ ರಾಜ್ಯ ಆಯೋಗ. ಘಟನೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಮೊಬೈಲ್ ಕಂಪನಿಗಳ ವಿರುದ್ಧವೂ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ.
* ಉಚಿತ ಕಾನೂನು ನೆರವು: ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಇದು ಹಕ್ಕು. ನಿಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ.

ದೂರು ಕೊಡಲು ರಸೀದಿ, ಮೆಸೇಜು, ಕಂತಿನ ಪಟ್ಟಿ ಬೇಕು. ಮೆಸೇಜ್ ಅಳಿಸಬೇಡಿ. ರಸೀದಿಯನ್ನು ಸಂಘದ ಪಾಸ್‌ಬುಕ್ಕಿನ ಜೊತೆಯಲ್ಲೇ ಇಡಿ.

ಕೊನೆಗೆ, ನಮ್ಮ ಸಂಘದ ನಿಯಮ ಹೇಗಿದೆ?

ಕಂಪನಿಯನ್ನು ಕೇಳುವ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ಕೆಲವು ಸಂಘಗಳಲ್ಲಿ ಮಧ್ಯದಲ್ಲಿ ಬಿಟ್ಟು ಹೋಗುವ ಸದಸ್ಯೆಯ ಉಳಿತಾಯದಲ್ಲಿ ಇಷ್ಟು ಮುರಿದುಕೊಳ್ಳುವುದು ಎಂಬ ನಿಯಮವಿರುತ್ತದೆ. ಒಬ್ಬಳು ತಿಂಗಳಿಗೆ 200ರಂತೆ 36 ತಿಂಗಳು ಕಟ್ಟಿದ್ದಾಳೆ, 7,200 ರೂಪಾಯಿ. ಗಂಡ ಬೆಂಗಳೂರಿಗೆ ಕೆಲಸಕ್ಕೆ ಹೋದ, ಅವಳೂ ಹೋಗಬೇಕು. ಅವಳ ಸಾಲ ಬಾಕಿ ಇಲ್ಲ. ಆಗ 1,000 ರೂಪಾಯಿ ಮುರಿದುಕೊಂಡರೆ, ಸಂಘಕ್ಕೆ ಆದ ನಷ್ಟ ಎಷ್ಟು?

"ಹಾಗೆ ಸುಲಭವಾಗಿ ಬುಟ್ರೆ ಎಲ್ರೂ ಹೋಗ್ಬುಡ್ತಾರೆ" ಎಂದು ಕೆಲವರು ಹೇಳಬಹುದು. ಅದರಲ್ಲೂ ಅರ್ಥವಿದೆ. ಎಲ್ಲರ ಉಳಿತಾಯವೂ ಸಾಲವಾಗಿ ಹೊರಗಿರುವಾಗ ಒಬ್ಬಳು ಒಮ್ಮೆಲೇ ದುಡ್ಡು ಕೇಳಿದರೆ ಉಳಿದವರಿಗೆ ಕಷ್ಟ. ಅದಕ್ಕೆ "ಎರಡು ತಿಂಗಳು ಮುಂಚೆ ತಿಳಿಸಬೇಕು" ಎಂಬ ನಿಯಮ ಸಾಕು. ನಷ್ಟ ತಡೆಯುವ ನಿಯಮ ಬೇರೆ, ಹೆದರಿಸಿ ಹಿಡಿದಿಡುವ ದಂಡ ಬೇರೆ. ಹೆದರಿಕೆಯಿಂದ ಉಳಿದ ಸದಸ್ಯೆಯಿಂದ ಸಂಘ ಬೆಳೆಯುವುದಿಲ್ಲ.

ನೆನಪಿಡಬೇಕಾದ ಅಂಶಗಳು

1. ಸೇರುವ ಮುಂಚೆಯೇ "ಮಧ್ಯದಲ್ಲಿ ಬಿಟ್ಟರೆ ಎಷ್ಟು?" ಎಂದು ಕೇಳಿ.
2. ಓಟಿಪಿ ಕೊಡುವುದೂ ಸಹಿಯೇ. ಓದದೆ, ಓದಿಸದೆ ಹೇಳಬೇಡಿ.
3. ಬಡ್ಡಿ ಇಲ್ಲದ ಕಂತನ್ನು ಶುಲ್ಕ ಕೊಟ್ಟು ಬೇಗ ತೀರಿಸಬೇಡಿ.
4. ಮೈಕ್ರೋಫೈನಾನ್ಸ್ ಸಾಲ ಬೇಗ ತೀರಿಸಿದರೆ ದಂಡವಿಲ್ಲ.
5. ನಷ್ಟಕ್ಕೆ ತಕ್ಕ ಶುಲ್ಕ ನ್ಯಾಯ, ನಷ್ಟ ಮೀರಿದ್ದು ಅನ್ಯಾಯ.

ಚರ್ಚೆಗೆ ಪ್ರಶ್ನೆಗಳು

1. ಮಾತುಕತೆಯ ಸದಸ್ಯೆಗೆ ನೀವು ಏನು ಸಲಹೆ ಕೊಡುತ್ತೀರಿ?
2. ಮಗಳೋ ಗಂಡನೋ ನಮ್ಮ ಹೆಸರಿನಲ್ಲಿ ಕಂತಿನ ಫೋನ್ ತೆಗೆದುಕೊಂಡರೆ, ಸಾಲ ಯಾರದು?
3. ನಮ್ಮ ಸಂಘದ ಬಿಟ್ಟುಹೋಗುವ ನಿಯಮ ನಾಲ್ಕು ಪ್ರಶ್ನೆಗಳಲ್ಲಿ ಪಾಸಾಗುತ್ತದೆಯೇ?

ಈ ತಿಂಗಳು ಮಾಡಬೇಕಾದ ಕೆಲಸ: ಕಂತಿನ ಫೋನ್ ಇರುವ ಸದಸ್ಯೆಯರು ಮುಂದಿನ ಸಭೆಗೆ ಸಾಲದ ಮುಖ್ಯಾಂಶಗಳ ಪಟ್ಟಿಯನ್ನು ತನ್ನಿ. ಇಲ್ಲದವರು ಕಂಪನಿಯಿಂದ ಕೇಳಿ ಪಡೆಯಿರಿ. ಓದು ಬಲ್ಲವರು ಬಾರದವರ ಪಕ್ಕ ಕೂತು ಓದಿ ಹೇಳಿ. ಎಷ್ಟು ಜನರ ಪಟ್ಟಿಯಲ್ಲಿ ಬಿಡುವ ಶುಲ್ಕವಿದೆ, ಎಷ್ಟಿದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಒಕ್ಕೂಟದ ಸಭೆಗೆ ತನ್ನಿ. ಒಬ್ಬಳು ಕೇಳಿದರೆ "ಆಮೇಲೆ ಬಾ" ಎನ್ನುತ್ತಾರೆ. ಹದಿನೈದು ಜನ ಒಂದೇ ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.